ನಾಯಿಯ ಬುತ್ತಿ

ನಮ್ಮ ಬೀದಿಯ ಮೂಲೆಮನೆಯವರು ದೊಡ್ಡ ಜಾತಿಯ ನಾಯಿಯೊಂದನ್ನು ಸಾಕಿದ್ದಾರೆ. ಮೊನ್ನೆ ಒಂದು ಸಂಜೆ ಆ ಮನೆಯ ಹುಡುಗ ನನ್ನನ್ನು ಅಡುಗೆಮನೆಗೆ ಕರೆದೊಯ್ದು ರೆಫ್ರಿಜರೇಟರಿನ ಬಾಗಿಲು ತೆರೆದು ತೋರಿಸಿದ. ಮೇಲಿನ ಗೂಡಿನಲ್ಲಿ ಸಾಲಾಗಿ ಏಳು ಡಬ್ಬಿಗಳು. ಒಂದೊಂದರ ಮೇಲೂ ಒಂದೊಂದು ವಾರದ ಹೆಸರು. ಒಳಗೆ ಕೋಳಿಯ ಕತ್ತು, ಕುರಿಯ ಈಲಿ, ಅರೆದ ಎಲುಬು, ಎಲ್ಲವೂ ಹಸಿ. "ನಾಯಿಗೆ ಬೇಯಿಸಿ ಹಾಕಬಾರದು ತಾತ, ಇದು ಹೊಸ ಪದ್ಧತಿ" ಎಂದ. ಅವನ ಅಜ್ಜಿ ಏನೂ ಮಾತನಾಡದೆ ಕೆಳಗಿನ ಗೂಡಿನಿಂದ ಮೊಸರಿನ ಪಾತ್ರೆಯನ್ನು ತೆಗೆದು ಬೇರೆಲ್ಲಿಯೋ ಇಟ್ಟುಕೊಂಡರು.

ಹೊಸ ಪದ್ಧತಿ ಎಂಬ ಮಾತು ನನ್ನ ತಲೆಯಲ್ಲಿ ಉಳಿಯಿತು. ನಮ್ಮ ಮನೆಗಳಲ್ಲಿ ನಾಯಿಗೆಂದು ಬೇರೆ ಅಡುಗೆ ಇದ್ದುದೇ ಇಲ್ಲ. ಮನೆಯವರು ಉಂಡ ಮೇಲೆ ಮಿಕ್ಕ ಮುದ್ದೆ, ಸಾರು ಕಲೆಸಿದ ಅನ್ನ, ಪುಣ್ಯವಿದ್ದ ದಿನ ಒಂದು ಎಲುಬು. ಇದು ನಮ್ಮ ಜಿಪುಣತನವೆಂದು ಯಾರೂ ತಿಳಿಯಬೇಕಾಗಿಲ್ಲ. ಧಾನ್ಯ ಬೆಳೆಯುವ ನಾಡುಗಳಲ್ಲೆಲ್ಲ ನಾಯಿ ಧಾನ್ಯವನ್ನು ತಿಂದೇ ಬದುಕಿದೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ಪಂಡಿತ ವಾರೋ ಬೇಸಾಯವನ್ನು ಕುರಿತ ತನ್ನ ಗ್ರಂಥದಲ್ಲಿ ಮಂದೆ ಕಾಯುವ ನಾಯಿಯ ಊಟವನ್ನೂ ಹೇಳಿದ್ದಾನೆ. ಜವೆಗೋಧಿಯ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಬೇಕು, ಎಲುಬು ಬೇಯಿಸಿದ ರಸ ಕೊಡಬೇಕು, ಸತ್ತ ಕುರಿಯ ಮಾಂಸವನ್ನು ಮಾತ್ರ ಮುಟ್ಟಗೊಡಬಾರದು ಎಂಬುದು ಅವನ ವಿಧಿ. ರುಚಿ ಹತ್ತಿದ ನಾಯಿ ಬದುಕಿರುವ ಕುರಿಯನ್ನು ಬಿಟ್ಟೀತೆ? ನಮ್ಮ ನಾಡಿನ ಕೀರ್ತಿಶಾಲಿ ನಾಯಿಯೆಂದರೆ ಆತಕೂರಿನ ಕಾಳಿ. ಹತ್ತನೆಯ ಶತಮಾನದಲ್ಲಿ ಹಂದಿಯೊಡನೆ ಹೋರಾಡಿ ಮಡಿದ ಆ ಬೇಟೆನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೂ ಏರ್ಪಾಡು ಮಾಡಿದರು. ಆದರೆ ಕಾಳಿ ಏನನ್ನು ತಿನ್ನುತ್ತಿತ್ತೆಂಬುದನ್ನು ಶಾಸನ ಹೇಳುವುದಿಲ್ಲ.

ನಾಯಿಗೆ ಹಸಿಮಾಂಸವನ್ನೇ ಹಾಕಿ, ಅದನ್ನು ಮುಂದಿನ ದಿನಗಳಿಗೆ ಕೂಡಿಡುವ ವಿದ್ಯೆ ಬೆಳೆದದ್ದು ಒಂದು ಕಾಳೂ ಬೆಳೆಯದ ನಾಡುಗಳಲ್ಲಿ, ಭೂಮಿಯ ಉತ್ತರದ ತುದಿಯ ಹಿಮದ ಸೀಮೆಯಲ್ಲಿ. ಅಲ್ಲಿ ಅದು ಹವ್ಯಾಸದ ಮಾತಾಗಿರಲಿಲ್ಲ. ನಾಯಿಯ ಬುತ್ತಿ ಮುಗಿದರೆ ಬಂಡಿ ನಿಲ್ಲುತ್ತಿತ್ತು. ಬಂಡಿ ನಿಂತರೆ ಮನುಷ್ಯನೂ ಅಲ್ಲಿಯೇ ಉಳಿಯುತ್ತಿದ್ದ. ಆ ವಿದ್ಯೆಯ ಕಥೆಯನ್ನೂ, ಅದನ್ನು ಕಲಿತವರು ಕಲಿಯದವರು ಪಟ್ಟ ಪಾಡನ್ನೂ ಇಲ್ಲಿ ಸ್ವಲ್ಪದರಲ್ಲಿ ಹೇಳುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ. ಎತ್ತಿನ ಗಾಡಿಯವನು ದಾರಿಯಲ್ಲಿ ಎತ್ತನ್ನು ಬಿಚ್ಚಿ ಮೇಯಲು ಬಿಡಬಹುದು. ಹಿಮದ ಮೇಲೆ ನಾಯಿ ಏನನ್ನು ಮೇಯಬೇಕು? ಅದರ ಊಟವನ್ನೆಲ್ಲ ಅದೇ ಎಳೆಯುವ ಜಾರುಬಂಡಿಯ ಮೇಲೆ ಹೇರಬೇಕು. ನಾಯಿಯೊಂದಕ್ಕೆ ದಿನಕ್ಕೆ ಅರ್ಧ ಕಿಲೋ ಒಣ ಆಹಾರವೆಂದರೂ 12 ನಾಯಿಗಳಿಗೆ 6 ಕಿಲೋ. 50 ದಿನಕ್ಕೆ 300 ಕಿಲೋ. ಹಸಿಮಾಂಸವಾದರೆ ಅದರಲ್ಲಿ ಹೆಚ್ಚು ಪಾಲು ನೀರು. ಅಷ್ಟೇ ಸತ್ವಕ್ಕೆ ಮೂರು ನಾಲ್ಕು ಪಟ್ಟು ತೂಕ. ಆದ್ದರಿಂದ ಬುತ್ತಿಯನ್ನು ಒಣಗಿಸಬೇಕು, ಇಲ್ಲವೆ ದಾರಿಯಲ್ಲಿ ಮೊದಲೇ ಹೂತಿಟ್ಟಿರಬೇಕು, ಇಲ್ಲವೆ ದಾರಿಯಲ್ಲಿ ಬೇಟೆಯಾಡಬೇಕು. ನಾಲ್ಕನೆಯ ದಾರಿಯೊಂದಿದೆ, ಅದನ್ನು ಮುಂದೆ ನೋಡೋಣ. ಇದರ ಮೇಲೆ ಚಳಿ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಶಾಖವಿದ್ದರೆ ಒಂದು ಗ್ರಾಂ ಹಿಟ್ಟಿನಲ್ಲಿ ಇರುವುದು 4 ಮಾತ್ರ. ಅಲಾಸ್ಕದಲ್ಲಿ 1973ರಿಂದ ನಡೆಯುತ್ತಿರುವ ಸಾವಿರ ಮೈಲಿಯ ಇಡಿಟರಾಡ್ ಬಂಡಿಯೋಟದಲ್ಲಿ ಒಂದೊಂದು ನಾಯಿಗೂ ದಿನಕ್ಕೆ ಸುಮಾರು 10,000 ಕ್ಯಾಲೊರಿ ಬೇಕಾಗುತ್ತದೆ. ಕಾಯಕ ಮಾಡುವ ಮನುಷ್ಯರು ಮೂವರು ಉಣ್ಣುವಷ್ಟು! ಅಷ್ಟನ್ನು ಆ ಪುಟ್ಟ ಹೊಟ್ಟೆಗೆ ಸೇರಿಸಲು ಕೊಬ್ಬಿನಿಂದಲ್ಲದೆ ಆಗದು.

ಈ ಲೆಕ್ಕವನ್ನು ಕಾಗದವಿಲ್ಲದೆ ಬಗೆಹರಿಸಿದವರು ಇನೂಯಿಟ್ ಜನ. ಹಿಂದೆ ಇವರನ್ನು ಎಸ್ಕಿಮೋ ಎನ್ನುತ್ತಿದ್ದರು. ಕೆನಡಾದ ಉತ್ತರದ ದ್ವೀಪಗಳಿಂದ ಗ್ರೀನ್‌ಲ್ಯಾಂಡಿನವರೆಗೆ ಹರಡಿರುವ ಇವರಿಗೆ ಕಡಲೇ ಹೊಲ. ಸೀಲ್, ಮೀನು, ಎಲ್ಲಕ್ಕೂ ಮಿಗಿಲಾಗಿ ಎರಡು ದಂತಗಳ ಆ ದೈತ್ಯ ಪ್ರಾಣಿ ವಾಲ್ರಸ್. ಬೇಸಗೆಯಲ್ಲಿಯೂ ಬೇಸಗೆಯ ಕೊನೆಯಲ್ಲಿಯೂ ವಾಲ್ರಸ್ ಬೇಟೆ. ಒಂದು ಪ್ರಾಣಿಯ ತೂಕ ಒಂದು ಟನ್ನನ್ನೂ ಮೀರಬಹುದು. ಅಷ್ಟನ್ನು ಅಂದೇ ತಿಂದು ಮುಗಿಸುವುದು ಊರಿಗೆಲ್ಲ ಸೇರಿ ಆದರೂ ಆಗದ ಮಾತು. ಆದ್ದರಿಂದ ಮಾಂಸವನ್ನು ಚರ್ಮ ಕೊಬ್ಬುಗಳ ಸಮೇತ ದೊಡ್ಡ ದೊಡ್ಡ ತುಂಡುಗಳಾಗಿ ಕೊಯ್ದು, ಚರ್ಮ ಹೊರಗೆ ಬರುವಂತೆ ಮಡಿಸಿ, ಚರ್ಮದ ಮಿಣಿಯಿಂದಲೇ ಬಿಗಿದು ಗಂಟು ಕಟ್ಟುತ್ತಿದ್ದರು. ಕಡಲ ದಂಡೆಯ ಜಲ್ಲಿಯಲ್ಲಿ ಗುಂಡಿ ಮಾಡಿ ಅದರಲ್ಲಿಟ್ಟು ಮೇಲೆ ಕಲ್ಲು ಪೇರಿಸುತ್ತಿದ್ದರು.

ನಮ್ಮ ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದುದನ್ನು ಬಲ್ಲವರಿಗೆ ಇದರ ಆಲೋಚನೆ ಸುಲಭವಾಗಿ ತಿಳಿಯುತ್ತದೆ. ಆದರೆ ವ್ಯತ್ಯಾಸವೂ ಉಂಟು. ಹಗೇವಿಗೆ ಗಾಳಿ ನೀರು ಸೋಂಕಬಾರದು. ಕಲ್ಲಿನ ಈ ಕಣಜಕ್ಕೆ ಗಾಳಿ ಬೇಕು. ಸಂದುಗಳ ಮೂಲಕ ತಣ್ಣನೆಯ ಗಾಳಿ ಆಡುತ್ತ ಮಾಂಸ ನಿಧಾನವಾಗಿ ಹುಳಿತು, ಮಾಗಿ, ಚಳಿಗಾಲ ಬಂದಾಗ ಹಾಗೆಯೇ ಹೆಪ್ಪುಗಟ್ಟುತ್ತದೆ. ಇಗುನಾಕ್ ಎಂದು ಹೆಸರಾದ ಈ ಮಾಗಿದ ಮಾಂಸವನ್ನು ಮನುಷ್ಯರೂ ಹಬ್ಬದೂಟದಂತೆ ತಿನ್ನುತ್ತಾರೆ. ಅದರ ವಾಸನೆಯನ್ನು ಕುರಿತು ಹೊರಗಿನವರು ಬರೆದಿರುವುದನ್ನು ಇಲ್ಲಿ ಹೇಳುವುದು ಬೇಡ. ನಮ್ಮ ಉಪ್ಪಿನಕಾಯಿಯ ಜಾಡಿಯನ್ನು ಮೂಸಿದ ಪರದೇಶಿಯೂ ಏನಾದರೂ ಬರೆದೇ ಇರುತ್ತಾನೆ. ಕಲ್ಲುಗಳ ಭಾರಕ್ಕೆ ಇನ್ನೊಂದು ಉಪಯೋಗ: ನರಿ ಕರಡಿಗಳ ಕೈಗೆ ಅದು ಸುಲಭವಾಗಿ ಸಿಕ್ಕದು. ಚಳಿಗಾಲದಲ್ಲಿ ಕಡಲೇ ಗಟ್ಟಿಯಾದ ಮೇಲೆ ಬಂಡಿ ಕಟ್ಟಿಕೊಂಡು ಹೋಗಿ ಒಂದೊಂದೇ ಗಂಟನ್ನು ಕಿತ್ತು ತರುತ್ತಿದ್ದರು.

ಗಾಳಿಯ ಈ ಮಾತು ಸಣ್ಣದಲ್ಲ. ಅಲಾಸ್ಕದ ಮೂಲನಿವಾಸಿಗಳು ಮೀನಿನ ತಲೆ, ಸೀಲಿನ ಅಂಗಗಳನ್ನು ಹುಲ್ಲು ಹಾಸಿದ ಗುಂಡಿಗಳಲ್ಲಿ ಮಾಗಿಸುತ್ತಿದ್ದರು. 1970ರ ದಶಕದಿಂದೀಚೆಗೆ ಗುಂಡಿಯ ಬದಲು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗಳೂ ಗಾಜಿನ ಜಾಡಿಗಳೂ ಬಂದವು. ನೋಡಲು ಶುಚಿ, ಆದರೆ ಗಾಳಿಯಿಲ್ಲದ ಬೆಚ್ಚನೆಯ ಆ ಡಬ್ಬಿಯೊಳಗೆ ಬಾಟ್ಯುಲಿಸಮ್ ಎಂಬ ಮಾರಕ ವಿಷಬಾಧೆಯನ್ನು ಹುಟ್ಟಿಸುವ ಅಣುಜೀವಿ ಚೆನ್ನಾಗಿ ಬೆಳೆಯುತ್ತದೆ. ಆ ಪ್ರದೇಶದಲ್ಲಿ ಅಂಥ ವಿಷಬಾಧೆ ಹೆಚ್ಚಿದುದಕ್ಕೆ ಈ ಬದಲಾವಣೆಯೇ ಕಾರಣವೆಂದು ವೈದ್ಯರು ಕಂಡುಕೊಂಡರು.

ಇನೂಯಿಟರ ನಾಯಿಗಳಿಗೆ ಚಳಿಗಾಲದಲ್ಲಿ ಸಾಮಾನ್ಯವಾಗಿ ಎರಡು ದಿನಕ್ಕೊಮ್ಮೆ ಊಟ. ಕಲ್ಲಿನಂತೆ ಗಟ್ಟಿಯಾದ ಮಾಂಸವನ್ನು ಕೊಡಲಿಯಿಂದ ಕಡಿದು ಎಸೆದರೆ ನಾಯಿ ಅಗಿಯುವ ಗೋಜಿಗೇ ಹೋಗದೆ ನುಂಗುತ್ತಿತ್ತು. ಒಬ್ಬನು ಚಾವಟಿ ಹಿಡಿದು ನಿಲ್ಲಬೇಕು. ಇಲ್ಲವಾದರೆ ಬಲವಾದ ನಾಯಿ ಎಲ್ಲವನ್ನೂ ಕಬಳಿಸಿ ಬಡಕಲು ನಾಯಿಗೆ ಏನೂ ಸಿಕ್ಕದು. ಕೊಬ್ಬಿನ ರುಚಿ ಕಂಡ ಈ ನಾಯಿಗಳಿಗೆ ಚರ್ಮದ ಮಿಣಿಯೂ ಊಟವೇ. ಆದ್ದರಿಂದ ಬಂಡಿಯ ಹಗ್ಗವನ್ನೂ ಸೀಲ್ ಚರ್ಮದ ದೋಣಿಯನ್ನೂ ಎತ್ತರದಲ್ಲಿ ಇಡುವುದು ಆ ಜನರ ನಿತ್ಯದ ಎಚ್ಚರ. ಬೇಸಗೆಯಲ್ಲಿ ಬಂಡಿಗೆ ಕೆಲಸವಿಲ್ಲ. ಎಷ್ಟೋ ಕಡೆ ಆಗ ನಾಯಿಗಳನ್ನು ದ್ವೀಪಗಳಲ್ಲಿ ಬಿಟ್ಟು, ಸಿಕ್ಕಿದ್ದನ್ನು ತಿಂದುಕೊಂಡಿರಿ ಎನ್ನುತ್ತಿದ್ದರು.

ಕಡಲಿನಿಂದ ಒಳನಾಡಿಗೆ ಬಂದರೆ ವಾಲ್ರಸ್ ಇಲ್ಲ; ಅಲ್ಲಿ ಮೀನು. ಅಲಾಸ್ಕದ ಯೂಕಾನ್ ನದಿಯಲ್ಲಿ ಬೇಸಗೆಯಿಂದ ಚಳಿಗಾಲದ ಹೊಸ್ತಿಲವರೆಗೆ ಸಾಲ್ಮನ್ ಮೀನುಗಳು ಕಡಲಿನಿಂದ ಮೇಲೇರಿ ಬರುತ್ತವೆ. ಇವುಗಳಲ್ಲಿ ಚಮ್ ಎಂಬ ಒಂದು ಜಾತಿಗೆ 'ನಾಯಿಯ ಸಾಲ್ಮನ್' ಎಂದೇ ಹೆಸರು. ಕೊಬ್ಬು ತುಂಬಿದ ದೊಡ್ಡ ಮೀನು ಮನೆಯವರಿಗೆ. ಚಮ್ ಮೀನಿನಲ್ಲಿ ಕೊಬ್ಬು ಕಡಮೆ. ಆದುದರಿಂದಲೇ ಅದು ಬೇಗ ಒಣಗುತ್ತದೆ, ಕಮಟು ಹಿಡಿಯುವುದಿಲ್ಲ. ನದಿಯ ದಂಡೆಯ ಬೀಡುಗಳಲ್ಲಿ ಹೆಂಗಸರು ಮೀನನ್ನು ಬೆನ್ನಿನುದ್ದಕ್ಕೂ ಸೀಳಿ, ಬಾಲದ ಹತ್ತಿರ ಮಾತ್ರ ಎರಡು ಹೋಳೂ ಕೂಡಿಕೊಂಡಿರುವಂತೆ ಬಿಟ್ಟು, ಮಾಂಸದ ಮೇಲೆ ಅಡ್ಡಡ್ಡ ಗೀರುಗಳನ್ನು ಹಾಕಿ ಗಳುವಿನ ಮೇಲೆ ಜೋತುಬಿಡುತ್ತಿದ್ದರು. ಕೆಳಗೆ ಹಸಿಕಟ್ಟಿಗೆಯ ಹೊಗೆ. ಹೊಗೆ ರುಚಿಗಿಂತ ಹೆಚ್ಚಾಗಿ ನೊಣ ಕೂರದಿರಲೆಂದು. ನಮ್ಮ ಕರಾವಳಿಯಲ್ಲಿ ಉಪ್ಪು ಹಚ್ಚಿ ಮೀನು ಒಣಗಿಸುತ್ತಾರಲ್ಲ, ಇದರಲ್ಲಿ ಉಪ್ಪಿಲ್ಲ; ಉಪ್ಪು ತಿಂದ ನಾಯಿಗೆ ಬಾಯಾರಿಕೆಯಾದರೆ ಹಿಮದ ದಾರಿಯಲ್ಲಿ ನೀರೆಲ್ಲಿ? ಒಣಗಿದ ಮೀನನ್ನು ಕಟ್ಟುಕಟ್ಟಾಗಿ ಬಿಗಿದು, ಕಂಬಗಳ ಮೇಲೆ ಕಟ್ಟಿದ ಎತ್ತರದ ಗೂಡುಗಳಲ್ಲಿ ಇಡುತ್ತಿದ್ದರು. ದಾರಿಯಲ್ಲಿ ನಾಯಿಗೆ ದಿನಕ್ಕೊಂದು ಒಣಮೀನು ಸಾಮಾನ್ಯ ಲೆಕ್ಕ. ಚಳಿ ಬಿದ್ದ ಮೇಲೆ ಹಿಡಿದ ಮೀನನ್ನು ಒಣಗಿಸುವ ಶ್ರಮವೂ ಇಲ್ಲ; ಸೌದೆಯಂತೆ ಒಟ್ಟಿಬಿಟ್ಟರೆ ತಾನೇ ಹೆಪ್ಪುಗಟ್ಟುತ್ತಿತ್ತು.

ಇನ್ನೂ ಪೂರ್ವಕ್ಕೆ, ಕೆನಡಾದ ಒಳನಾಡಿನ ಸರೋವರಗಳ ಬಳಿ, ತುಪ್ಪುಳು ವ್ಯಾಪಾರದ ಹಡ್ಸನ್ ಕೊಲ್ಲಿ ಕಂಪನಿಯವರ ಠಾಣ್ಯಗಳಲ್ಲಿ ಬೇರೊಂದು ಕ್ರಮವಿತ್ತು. ಶರತ್ಕಾಲದ ಕೊನೆಯಲ್ಲಿ ಹಿಡಿದ ಬಿಳಿಮೀನನ್ನು ಬಾಲದ ಬಳಿ ಚುಚ್ಚಿ, ಒಂದು ಕೋಲಿಗೆ ಹತ್ತರಂತೆ ತಲೆಕೆಳಗಾಗಿ ತೂಗುಹಾಕುತ್ತಿದ್ದರು. ಹಗಲಿನ ಎಳೆಬಿಸಿಲಿಗೆ ತುಸು ಹುಳಿತು, ರಾತ್ರಿಯ ಚಳಿಗೆ ಗಟ್ಟಿಯಾಗಿ ಅದು ಚಳಿಗಾಲವೆಲ್ಲ ನಿಲ್ಲುತ್ತಿತ್ತು. ನಾಯಿಗೆ ದಿನಕ್ಕೆ ಎರಡು ಮೀನು, ಅದೂ ಸಂಜೆ ಬಂಡಿ ಬಿಚ್ಚಿದ ಮೇಲೆ. ಬೆಳಗ್ಗೆ ಹೊಟ್ಟೆತುಂಬ ತಿಂದ ನಾಯಿ ಓಡಲಾರದೆಂಬುದು ಎಲ್ಲರ ಅನುಭವ. ಚಳಿ ತಡವಾಗಿ ಬಂದ ವರ್ಷ ಮೀನು ಕೊಳೆಯುತ್ತಿತ್ತು. ಆ ವರ್ಷ ಅಂಚೆ ಒಯ್ಯುವ ಬಂಡಿಗಳಿಗೂ ಕಷ್ಟಕಾಲ.

ಇದೇ ಪ್ರದೇಶದ ಕ್ರೀ ಜನರ ಮಾತಿನಿಂದ ಬಂದ ಪದ ಪೆಮ್ಮಿಕನ್. ಕಾಡೆಮ್ಮೆಯ ಜಾತಿಯ ಬೈಸನ್ ಮಾಂಸವನ್ನು ಬಿಸಿಲಿಗೆ ಒಣಗಿಸಿ, ಕುಟ್ಟಿ ಪುಡಿಮಾಡಿ, ಕರಗಿಸಿದ ಕೊಬ್ಬನ್ನು ಅದಕ್ಕೆ ಹೊಯ್ದು ಚರ್ಮದ ಚೀಲದಲ್ಲಿ ತುಂಬಿದರೆ ಪೆಮ್ಮಿಕನ್. ನೀರಿಲ್ಲ, ಆದುದರಿಂದ ಭಾರವಿಲ್ಲ. ಕೊಬ್ಬಿದೆ, ಆದುದರಿಂದ ಶಾಖವಿದೆ. ಧ್ರುವಪ್ರದೇಶಕ್ಕೆ ಹೊರಟ ಯೂರೋಪಿಯನ್ನರು ಇದನ್ನು ಮೊದಲು ತಮಗಾಗಿಯೂ ಆಮೇಲೆ ನಾಯಿಗಳಿಗಾಗಿಯೂ ಕಾರ್ಖಾನೆಗಳಲ್ಲಿ ಮಾಡಿಸಿದರು.

ಈಗ ಭೂಮಿಯ ಇನ್ನೊಂದು ತುದಿಗೆ ಹೋಗೋಣ. ದಕ್ಷಿಣ ಧ್ರುವದ ಖಂಡವಾದ ಅಂಟಾರ್ಕ್ಟಿಕದಲ್ಲಿ ಆಗ ಮನುಷ್ಯರೂ ಇರಲಿಲ್ಲ, ನಾಯಿಗಳೂ ಇರಲಿಲ್ಲ. ಅಲ್ಲಿಗೆ ಹೋದವರು ನಾಯಿಯನ್ನು ಉತ್ತರದಿಂದ ಹಡಗಿನಲ್ಲಿ ಒಯ್ದರು. ವಿದ್ಯೆಯನ್ನು ಎಲ್ಲರೂ ಒಯ್ಯಲಿಲ್ಲ.

1901ರಲ್ಲಿ ಇಂಗ್ಲೆಂಡಿನಿಂದ ಡಿಸ್ಕವರಿ ಎಂಬ ಹಡಗು ಹೊರಟಿತು. ನಾಯಕ ಕ್ಯಾಪ್ಟನ್ ರಾಬರ್ಟ್ ಸ್ಕಾಟ್. ನಾಯಿಗಳಿಗೆ ಬಿಸ್ಕತ್ತು ಒಯ್ಯಬೇಕೆಂದು ಅವನು ಮೊದಲು ಯೋಚಿಸಿದ್ದ. ನಾಯಿಬಂಡಿಯಲ್ಲಿ ಬಹಳ ಅನುಭವವಿದ್ದವರೊಬ್ಬರ ಸಲಹೆಯಂತೆ ನಾರ್ವೆಯ ಒಣಮೀನನ್ನು ತೆಗೆದುಕೊಂಡ. ಸಲಹೆ ಒಳ್ಳೆಯದೇ. ಮೇಲೆ ಹೇಳಿದ ಹಾಗೆ ಉತ್ತರದಲ್ಲೆಲ್ಲ ನಾಯಿ ಮೀನನ್ನು ತಿಂದೇ ಬಂಡಿ ಎಳೆಯುತ್ತದೆ. ಆದರೆ ಉತ್ತರದ ಮೀನು ದಕ್ಷಿಣದ ಹಿಮಕ್ಕೆ ಬರಬೇಕಾದರೆ ನಡುವೆ ಭೂಮಧ್ಯರೇಖೆಯ ಸೆಕೆಯನ್ನು ದಾಟಬೇಕು. ಹಡಗಿನ ಒಡಲಿನಲ್ಲಿ ಆ ಮೀನು ಒಳಗೊಳಗೇ ಕೆಟ್ಟಿತು. ನೋಡುವವರಿಗೆ ಅದು ತಿಳಿಯಲಿಲ್ಲ. ಒಣಮೀನಿಗೆ ವಾಸನೆ ಹೇಗೂ ಇದ್ದೇ ಇರುತ್ತದೆ!

1902ರ ನವೆಂಬರ್ 2ರಂದು ಸ್ಕಾಟ್, ಷಾಕಲ್ಟನ್, ವಿಲ್ಸನ್ ಮೂವರೂ 19 ನಾಯಿಗಳೊಡನೆ ದಕ್ಷಿಣಕ್ಕೆ ಹೊರಟರು. ಮೊದಲ ಕೆಲವು ದಿನ ನಾಯಿಗಳ ಓಟಕ್ಕೆ ಮನುಷ್ಯರು ಸರಿಗಟ್ಟುವುದೇ ಕಷ್ಟವಾಗಿತ್ತು. ಎರಡು ವಾರ ಕಳೆಯುವುದರೊಳಗೆ ನಾಯಿಗಳು ಸೋತವು. ದಿನದಿನಕ್ಕೂ ಬಡಕಲಾದವು. ಭಾರವನ್ನೆಲ್ಲ ಒಮ್ಮೆಗೆ ಎಳೆಯಲಾಗದೆ ಅರ್ಧವನ್ನು ಒಯ್ದಿಟ್ಟು, ಹಿಂದಿರುಗಿ ಬಂದು ಇನ್ನರ್ಧವನ್ನು ಒಯ್ಯುವ ಹಾಗಾಯಿತು. ಒಂದು ಮೈಲಿ ಮುಂದುವರಿಯಲು ಮೂರು ಮೈಲಿ ನಡೆಯಬೇಕು. ಡಿಸೆಂಬರಿನಲ್ಲಿ ನಾಯಿಗಳು ಸಾಯತೊಡಗಿದವು. ಸತ್ತ ನಾಯಿಯ ಮಾಂಸವನ್ನು ಉಳಿದವು ಆತುರದಿಂದ ತಿಂದು ಸ್ವಲ್ಪ ಚೇತರಿಸಿಕೊಂಡುದನ್ನು ನೋಡಿದ ಮೇಲೆ ದೋಷ ಮೀನಿನಲ್ಲಿದೆಯೆಂಬುದು ಸ್ಪಷ್ಟವಾಯಿತು. ಆದರೆ ಬಂಡಿಯ ಮೇಲೆ ಬೇರೆ ಬುತ್ತಿಯಿಲ್ಲ. ಬಲವಿಲ್ಲದ ನಾಯಿಯನ್ನು ಕೊಂದು ಬಲವಿದ್ದದ್ದಕ್ಕೆ ಹಾಕುವುದೊಂದೇ ಉಳಿದ ದಾರಿ. ಆ ಕೆಲಸ ವೈದ್ಯನಾದ ವಿಲ್ಸನ್ನನ ಪಾಲಿಗೆ ಬಂತು. ಡಿಸೆಂಬರ್ 30ರಂದು ಅವರು ತಲಪಿದ 82 ಡಿಗ್ರಿ ದಾಟಿದ ಸ್ಥಳ ಅಂದಿನವರೆಗೆ ಯಾರೂ ಮುಟ್ಟದ ದಕ್ಷಿಣ. 1903ರ ಜನವರಿಯ ನಡುವಿನಲ್ಲಿ ಕೊನೆಯ ಎರಡು ನಾಯಿಗಳೂ ಹೋದವು. ಮೂವರೂ ರೋಗಿಷ್ಠರಾಗಿ, ಬಂಡಿಯನ್ನು ತಾವೇ ಎಳೆದುಕೊಂಡು ಫೆಬ್ರವರಿ 3ರಂದು ಹಡಗು ಸೇರಿದರು. ಆ ಬಳಿಕ ಸ್ಕಾಟನಿಗೆ ನಾಯಿಬಂಡಿಯಲ್ಲಿ ಪೂರ್ಣ ನಂಬಿಕೆ ಬರಲೇ ಇಲ್ಲ. ನನಗೆ ತೋರುವ ಮಟ್ಟಿಗೆ, ಅವನು ಅನುಮಾನಿಸಬೇಕಾಗಿದ್ದುದು ನಾಯಿಯನ್ನಲ್ಲ, ಉಗ್ರಾಣವನ್ನು.

ನಾರ್ವೆಯ ರೋಆಲ್ಡ್ ಅಮುಂಡ್ಸೆನ್ ಬೇರೆ ಶಾಲೆಯಲ್ಲಿ ಓದಿದವನು. 1903ರಿಂದ 1905ರವರೆಗೆ ಕೆನಡಾದ ಉತ್ತರದ ಕಿಂಗ್ ವಿಲಿಯಂ ದ್ವೀಪದಲ್ಲಿ ತನ್ನ ಪುಟ್ಟ ಹಡಗು ಯೋಆ ಹಿಮದಲ್ಲಿ ನಿಂತಿದ್ದಾಗ ಅವನು ನೆಟ್ಸಿಲಿಕ್ ಇನೂಯಿಟರ ನೆರೆಯಲ್ಲಿ ಎರಡು ಚಳಿಗಾಲ ಕಳೆದ. ಅವರ ಉಡುಪು, ಅವರ ಬಂಡಿ, ಅವರ ನಾಯಿ ಎಲ್ಲವನ್ನೂ ವಿದ್ಯಾರ್ಥಿಯಂತೆ ನೋಡಿದ. 1910ರಲ್ಲಿ ಫ್ರಾಮ್ ಹಡಗಿನಲ್ಲಿ ದಕ್ಷಿಣಕ್ಕೆ ಹೊರಟಾಗ ಅವನೊಡನೆ ಗ್ರೀನ್‌ಲ್ಯಾಂಡಿನ 97 ನಾಯಿಗಳಿದ್ದವು. ದಾರಿಯಲ್ಲಿ ಮರಿಗಳು ಹುಟ್ಟಿ, 1911ರ ಜನವರಿಯಲ್ಲಿ ತಿಮಿಂಗಿಲ ಕೊಲ್ಲಿಯನ್ನು ಮುಟ್ಟುವಾಗ ಅವು 116 ಆಗಿದ್ದವು. ಅವನೂ ಭೂಮಧ್ಯರೇಖೆಯನ್ನು ದಾಟಿದವನೇ. ಹಡಗಿನಲ್ಲಿ ನಾಯಿಗಳಿಗೆ ಬರಿಯ ಒಣಮೀನಲ್ಲದೆ ವಾರಕ್ಕೆ ಮೂರು ಸಲ ಒಂದು ಗಂಜಿ ಸಿಕ್ಕುತ್ತಿತ್ತು: ಕೊಚ್ಚಿದ ಒಣಮೀನು, ಪಶುವಿನ ಕೊಬ್ಬು, ಮುಸುಕಿನ ಜೋಳದ ಹಿಟ್ಟು, ಮೂರನ್ನೂ ಕೂಡಿಸಿ ಕುದಿಸಿದ್ದು. ಅಡುಗೆಯವನ ಹೆಜ್ಜೆಯ ಸಪ್ಪಳಕ್ಕೇ ನಾಯಿಗಳು ಎದ್ದು ಕೂಗುತ್ತಿದ್ದುವೆಂದರೆ ನಾವು ನಂಬಬಹುದು.

ದಡ ಸೇರಿದ ಮೇಲೆ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಸೀಲ್ ಬೇಟೆ. ಚಳಿಗಾಲದ ಕತ್ತಲೆ ಕವಿಯುವುದರೊಳಗೆ ಸುಮಾರು 60 ಟನ್ ಮಾಂಸ ಕೂಡಿತ್ತು. ಸುತ್ತಲೂ ನೂರಕ್ಕೆ ಮಿಕ್ಕ ನಾಯಿಗಳಿರುವಾಗ ಮಾಂಸದ ಡೇರೆಯನ್ನು ಕಾಯುವವರಾರು? ಹಿಮದ ಗಟ್ಟಿಗಳಿಂದ ಅದರ ಸುತ್ತ ಆಳೆತ್ತರದ ಗೋಡೆ ಕಟ್ಟಿದರು. ಒಂದು ದಿನ ಸೀಲ್ ಮಾಂಸ ಮತ್ತು ಕೊಬ್ಬು, ಮರುದಿನ ಒಣಮೀನು, ಹೀಗೆ ನಾಯಿಗಳು ಆ ಚಳಿಗಾಲವನ್ನು ಕೊಬ್ಬಿ ಕಳೆದವು.

ಬುತ್ತಿಯನ್ನು ದಾರಿಯಲ್ಲಿ ಮೊದಲೇ ಹೂತಿಡುವ ಕೆಲಸವೂ ಇದರ ನಡುವೆಯೇ ನಡೆಯಿತು. ಫೆಬ್ರವರಿಯಿಂದ ಏಪ್ರಿಲ್ ತನಕ ಮೂರು ಸಲ ಹೋಗಿ 80, 81, 82 ಡಿಗ್ರಿಗಳಲ್ಲಿ ದಾಸ್ತಾನು ಮಾಡಿಟ್ಟರು. ಹತ್ತಿರದ 80ರಲ್ಲಿ ಒಂದು ಟನ್ನಿಗೂ ಮಿಗಿಲಾದ ಸೀಲ್ ಮಾಂಸ. ಭಾರವಾದರೂ ಹತ್ತಿರವಾದುದರಿಂದ ಚಿಂತೆಯಿಲ್ಲ. ದೂರದ ಎರಡರಲ್ಲಿ ಮುಖ್ಯವಾಗಿ ನಾಯಿಯ ಪೆಮ್ಮಿಕನ್. ಇದನ್ನು ಅವನು ಎರಡು ಬಗೆಯಾಗಿ ಮಾಡಿಸಿದ್ದ: ಒಂದು ಮೀನಿನ ಪುಡಿಯದು, ಇನ್ನೊಂದು ಮಾಂಸದ ಪುಡಿಯದು, ಎರಡಕ್ಕೂ ಕೊಬ್ಬಿನ ಜೊತೆಗೆ ಹಾಲಿನ ಪುಡಿಯನ್ನೂ ತೌಡು ಬೆರೆತ ಹಿಟ್ಟನ್ನೂ ಸೇರಿಸಿತ್ತು. ಸುಮಾರು ಅರ್ಧ ಕಿಲೋ ತೂಕದ ಇಟ್ಟಿಗೆಗಳು. ದಾರಿಯಲ್ಲಿ ತೂಗುವ ತೊಂದರೆಯಿಲ್ಲ, ಬೇಯಿಸುವ ತೊಂದರೆಯಿಲ್ಲ. ನಾಯಿಗೊಂದು ಎಸೆದರೆ ಆಯಿತು.

ಬಿಳಿಯ ಬಯಲಿನಲ್ಲಿ ಹೂತಿಟ್ಟದ್ದನ್ನು ಮತ್ತೆ ಕಂಡುಹಿಡಿಯುವುದು ಹೇಗೆ? ಮಂಜು ಮುಸುಕಿದ ದಿನ ಹತ್ತು ಮಾರು ದೂರದ ಗುಡ್ಡೆಯೂ ಕಾಣದು. ಅಮುಂಡ್ಸೆನ್ ದಾಸ್ತಾನಿನ ಎಡಬಲಕ್ಕೆ ಮೈಲಿಗಟ್ಟಲೆ ಬಾವುಟಗಳನ್ನು ಸಾಲಾಗಿ ನೆಡಿಸಿ, ಪ್ರತಿಯೊಂದರ ಮೇಲೂ ಗುರುತು ಹಾಕಿಸಿದ. ದಾರಿ ತಪ್ಪಿದವನು ಯಾವುದಾದರೂ ಒಂದು ಬಾವುಟವನ್ನು ಅಡ್ಡಹಾಯ್ದರೆ ಸಾಕು. ಮೊದಲ ಯಾತ್ರೆಯಲ್ಲಿ ದಾರಿಯ ಗುರುತಿಗೆ ಬಾವುಟಗಳು ಸಾಲದೆ ಹೋದಾಗ ಬಂಡಿಯಲ್ಲಿದ್ದ ಒಣಮೀನುಗಳನ್ನೇ ಹಿಮದಲ್ಲಿ ನೆಟ್ಟಗೆ ನಿಲ್ಲಿಸುತ್ತ ಹೋದರು. ಮೈಲಿಗಲ್ಲು ಆಮೇಲೆ ನಾಯಿಗಳಿಗೆ ಊಟವೂ ಆಯಿತು. ಈ ಯಾತ್ರೆಯ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಇದು.

ಹಿಡಿಸದ ಸಂಗತಿಯನ್ನೂ ಹೇಳಬೇಕು. ಹಿಂದೆ ನಾಲ್ಕನೆಯ ದಾರಿ ಎಂದೆನಲ್ಲ, ಅದು ನಾಯಿಗೆ ನಾಯಿಯನ್ನೇ ಬುತ್ತಿ ಮಾಡುವುದು. ಸ್ಕಾಟನು ಗತಿಯಿಲ್ಲದೆ ಮಾಡಿದುದನ್ನು ಅಮುಂಡ್ಸೆನ್ ಮನೆಯಲ್ಲಿ ಕುಳಿತೇ ಲೆಕ್ಕ ಹಾಕಿದ. 1911ರ ಅಕ್ಟೋಬರ್ 20ರಂದು ಐವರು 52 ನಾಯಿಗಳೊಡನೆ ಹೊರಟರು. ಹಿಮನದಿಯನ್ನು ಹತ್ತಿ ಮೇಲಿನ ಬಯಲನ್ನು ಮುಟ್ಟಿದ ನವೆಂಬರ್ 21ರಂದು, ಮೊದಲೇ ಗೊತ್ತುಮಾಡಿದ್ದಂತೆ, 24 ನಾಯಿಗಳನ್ನು ಅವುಗಳನ್ನು ನಡೆಸಿದವರೇ ಕೊಂದರು. ಕೆಲವು ಕಳೇಬರ ಅಲ್ಲಿಯೇ ಊಟಕ್ಕಾದವು. ಉಳಿದವನ್ನು ಹಿಂದಿರುಗುವಾಗಿನ ಬುತ್ತಿಯಾಗಿ ಹಿಮದಲ್ಲಿ ಹೂತರು. ಆ ಬೀಡಿಗೆ ಅವರೇ ಇಟ್ಟ ಹೆಸರು 'ಕಸಾಯಿ ಅಂಗಡಿ'. ಉಳಿದ 18 ನಾಯಿಗಳು ಮುಂದೆ ನಡೆದವು. ಡಿಸೆಂಬರ್ 14ರಂದು ಧ್ರುವ ಸಿಕ್ಕಿತು. 1912ರ ಜನವರಿ 25ರಂದು ಐವರೂ ಆರೋಗ್ಯವಾಗಿ ಹಿಂದಿರುಗಿದಾಗ 11 ನಾಯಿಗಳು ಉಳಿದಿದ್ದವು. ಲೆಕ್ಕ ಒಂದಿಷ್ಟೂ ತಪ್ಪಲಿಲ್ಲ. ಒಂದು ವರ್ಷ ಕೈಯಾರೆ ಉಣಿಸಿ ಬೆಳೆಸಿದ ಪ್ರಾಣಿಯನ್ನು ಲೆಕ್ಕದ ಪುಸ್ತಕದಲ್ಲಿ ಕಿಲೋ ಎಂದು ಬರೆದುಕೊಳ್ಳಬಲ್ಲವನಿಗೆ ಆ ಧ್ರುವ ಸಿಕ್ಕಿತೆಂಬುದನ್ನೂ ಮರೆಯುವ ಹಾಗಿಲ್ಲ. ಆ ದಿನದ ಬೇಸರವನ್ನು ಅಮುಂಡ್ಸೆನ್ ಸ್ವತಃ ತನ್ನ ಪುಸ್ತಕದಲ್ಲಿ ಮುಚ್ಚಿಟ್ಟಿಲ್ಲ.

ಅದೇ ವರ್ಷದ ಕೊನೆಯಲ್ಲಿ, ಅದೇ ಖಂಡದ ಇನ್ನೊಂದು ಅಂಚಿನಲ್ಲಿ, ಈ ನಾಲ್ಕನೆಯ ದಾರಿಯಲ್ಲಿ ಅಡಗಿದ್ದ ಅಪಾಯವೊಂದು ಮನುಷ್ಯನನ್ನೇ ಹಿಡಿಯಿತು. ಆಸ್ಟ್ರೇಲಿಯದ ಡಗ್ಲಸ್ ಮಾಸನ್, ಇಂಗ್ಲಿಷಿನವನಾದ ನಿನ್ನಿಸ್, ಸ್ವಿಟ್ಸರ್ಲೆಂಡಿನ ಮೆರ್ಟ್ಸ್ ಮೂವರು 1912ರ ನವೆಂಬರಿನಲ್ಲಿ ಪೂರ್ವದ ಕರಾವಳಿಯನ್ನು ಅಳೆಯಲು ಹೊರಟಿದ್ದರು. ಡಿಸೆಂಬರ್ 14ರಂದು ಹಿಮದ ಬಿರುಕೊಂದು ಬಾಯಿಬಿಟ್ಟು ನಿನ್ನಿಸ್‌ನನ್ನೂ ಅವನ ಬಂಡಿಯನ್ನೂ ನುಂಗಿತು. ಗಟ್ಟಿಮುಟ್ಟಾದ ನಾಯಿಗಳು, ಡೇರೆ, ಮನುಷ್ಯರ ಬುತ್ತಿಯಲ್ಲಿ ಹೆಚ್ಚು ಪಾಲು, ನಾಯಿಗಳ ಬುತ್ತಿ ಪೂರ್ತಿ ಆ ಬಂಡಿಯಲ್ಲಿತ್ತು. ಬಿರುಕು ಬಿಟ್ಟರೆ ಮುಂದಿನ ಬಂಡಿಗೇ ಅಪಾಯವೆಂದು ಬೆಲೆಬಾಳುವುದನ್ನೆಲ್ಲ ಹಿಂದಿನದಕ್ಕೆ ಹೇರಿದ್ದರು! ಉಳಿದವರು ಇಬ್ಬರು, ಬಡಕಲಾದ ಆರು ನಾಯಿಗಳು, ಹತ್ತು ದಿನದ ಆಸುಪಾಸಿನ ಊಟ, ಮನೆಗೆ 300ಕ್ಕೂ ಹೆಚ್ಚು ಮೈಲಿ. ಆ ರಾತ್ರಿ ನಾಯಿಗಳಿಗೆ ಹಾಕಿದ್ದು ಸವೆದ ಕೈಗವುಸು, ತುಪ್ಪುಳಿನ ಹಳೆಯ ಪಾದರಕ್ಷೆ ಮತ್ತು ಚರ್ಮದ ಪಟ್ಟಿಗಳನ್ನು.

ಮರುದಿನದಿಂದ ಒಂದೊಂದೇ ನಾಯಿ. ಸೊರಗಿದ ನಾಯಿಯ ಮಾಂಸ ನಾರು ನಾರು, ಅಗಿಯಲಾಗದು. ಮೆತ್ತಗಿದ್ದುದು ಈಲಿಯೊಂದೇ. ನಾರಿನ ಮಾಂಸ, ಎಲುಬು, ಚರ್ಮ ನಾಯಿಗಳಿಗೆ ಹೋದರೆ ಈಲಿ ಇವರ ಪಾಲಿಗೆ ಬಂತು. ಪುಷ್ಟಿಕರವೆಂದೂ ಅವರು ಭಾವಿಸಿದ್ದರು. ಡಿಸೆಂಬರ್ ಮುಗಿಯುವುದರೊಳಗೆ ಕೊನೆಯ ನಾಯಿ ಜಿಂಜರ್ ಕೂಡ ಹೋಯಿತು. ಅಷ್ಟರಲ್ಲಿ ಇಬ್ಬರ ಮೈಮೇಲಿನ ಚರ್ಮ ಸುಲಿಯತೊಡಗಿತ್ತು, ಕೂದಲು ಉದುರುತ್ತಿತ್ತು. ಮೆರ್ಟ್ಸ್ ಹೊಟ್ಟೆನೋವಿನಿಂದ ನರಳಿ, ಭ್ರಮೆ ಹಿಡಿದು 1913ರ ಜನವರಿ 8ರ ನಸುಕಿನಲ್ಲಿ ತೀರಿಕೊಂಡ. ಮಾಸನ್ ಬಂಡಿಯನ್ನು ಅರ್ಧಕ್ಕೆ ಗರಗಸದಿಂದ ಕೊಯ್ದು, ಆ ಅರ್ಧವನ್ನು ಎಳೆದುಕೊಂಡು ಒಬ್ಬನೇ ಒಂದು ತಿಂಗಳು ನಡೆದು ಫೆಬ್ರವರಿ 8ರಂದು ಬೀಡು ಸೇರಿದ. ಹಡಗು ಕೆಲವೇ ಗಂಟೆಗಳ ಹಿಂದೆ ಹೊರಟುಹೋಗಿತ್ತು.

ಇದು ಏನು ರೋಗವೆಂದು ಅಂದು ಯಾರಿಗೂ ತಿಳಿಯಲಿಲ್ಲ. ಆದರೆ ಉತ್ತರದ ಜನ ಹಿಮಕರಡಿಯ ಈಲಿಯನ್ನು ಮುಟ್ಟುವುದಿಲ್ಲವೆಂಬುದು ಹಳೆಯ ಸಂಗತಿ. 1597ರಲ್ಲಿಯೇ ಬ್ಯಾರೆಂಟ್ಸ್‌ನ ಡಚ್ ನಾವಿಕರು ಕರಡಿಯ ಈಲಿಯನ್ನು ತಿಂದು ಅವರಲ್ಲಿ ಮೂವರಿಗೆ ಅಡಿಯಿಂದ ಮುಡಿಯವರೆಗೆ ಚರ್ಮ ಸುಲಿದಿತ್ತು. 1943ರಲ್ಲಿ ರೋಡಾಲ್ ಮತ್ತು ಮೂರ್ ಎಂಬ ವಿಜ್ಞಾನಿಗಳು ಕರಡಿಯ ಈಲಿಯ ವಿಷ 'ಎ' ಜೀವಸತ್ವದ ಅತಿಯೇ ಎಂದು ತೋರಿಸಿದರು. ಮೀನನ್ನು ತಿಂದ ಸೀಲ್, ಸೀಲನ್ನು ತಿಂದ ಕರಡಿ ಅಥವಾ ನಾಯಿ, ಹೀಗೆ ಮೇಲೇರಿದಂತೆ ಈ ಸತ್ವ ಈಲಿಯಲ್ಲಿ ಕೂಡುತ್ತ ಹೋಗುತ್ತದೆ. 1969ರಲ್ಲಿ ಆಸ್ಟ್ರೇಲಿಯದ ಕ್ಲೀಲ್ಯಾಂಡ್ ಮತ್ತು ಸೌತ್‌ಕಾಟ್ ಮೆರ್ಟ್ಸ್‌ನ ಮರಣಕ್ಕೂ ಇದೇ ಕಾರಣವಿರಬೇಕೆಂದು ಬರೆದರು. ಎಲ್ಲರೂ ಒಪ್ಪಿಲ್ಲ, ಬರಿಯ ಉಪವಾಸ ಮತ್ತು ಚಳಿಯೇ ಸಾಕಾಗಿತ್ತೆನ್ನುವವರೂ ಇದ್ದಾರೆ.

ಆಮೇಲೆ ಅಂಟಾರ್ಕ್ಟಿಕದಲ್ಲಿ ನಾಯಿಬಂಡಿಯ ಕಾಲ ಬಹಳ ನಡೆಯಿತು. ಬ್ರಿಟಿಷರ ನೆಲೆಗಳಲ್ಲಿ 1945ರಿಂದಲೂ ನಾಯಿಗಳಿದ್ದವು. ಚಳಿಗಾಲಕ್ಕೆ ಮೊದಲು ಸೀಲ್‌ಗಳನ್ನು ಕೊಂದು ಒಟ್ಟಿ, ಹೆಪ್ಪುಗಟ್ಟಿದ ಮೇಲೆ ಕೊಡಲಿಯಿಂದ ಕಡಿದು ಹಾಕುವುದು ಅಲ್ಲಿ ಪಾಳಿಯ ಮೇಲಿನ ಕೆಲಸವಾಗಿತ್ತು. ಎಂಜಿನ್ನಿನ ಬಂಡಿಗಳು ಬಂದ ಮೇಲೆ ನಾಯಿಗೆ ಕೆಲಸ ಕಡಮೆಯಾಯಿತು. ನಾಯಿಗಳ ಜಾಡ್ಯ ಸೀಲ್‌ಗಳಿಗೆ ಅಂಟೀತೆಂಬ ಭಯವೂ ಸೇರಿ, 1991ರ ಅಂತರರಾಷ್ಟ್ರೀಯ ಒಪ್ಪಂದ 1994ರ ಏಪ್ರಿಲ್ 1ರೊಳಗೆ ಎಲ್ಲ ನಾಯಿಗಳನ್ನೂ ಆ ಖಂಡದಿಂದ ಹೊರಕ್ಕೆ ಒಯ್ಯಬೇಕೆಂದು ವಿಧಿಸಿತು. ಬ್ರಿಟಿಷರ ಕೊನೆಯ ನಾಯಿಗಳು ಆ ವರ್ಷದ ಫೆಬ್ರವರಿಯಲ್ಲಿ ಹೊರಟವು.

ಅದೇ ಸುಮಾರಿಗೆ, 1993ರಲ್ಲಿ, ಆಸ್ಟ್ರೇಲಿಯದ ಪಶುವೈದ್ಯ ಬಿಲ್ಲಿಂಗ್‌ಹರ್ಸ್ಟ್ ನಾಯಿಗೆ ಹಸಿಮಾಂಸ ಮತ್ತು ಎಲುಬನ್ನೇ ಹಾಕಬೇಕೆಂದು ಪುಸ್ತಕ ಬರೆದ. ನಮ್ಮ ಮೂಲೆಮನೆಯ ಹುಡುಗನ 'ಹೊಸ ಪದ್ಧತಿ' ಪಟ್ಟಣಗಳಿಗೆ ಹರಡಿದ್ದು ಅಲ್ಲಿಂದ. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲಿ ಹಸಿಮಾಂಸ ಹಾಕುವುದು ಬೇಡವೆಂದು ಹೇಳಿತು. ಅವರ ಚಿಂತೆ ನಾಯಿಯದಕ್ಕಿಂತ ಮನೆಯವರದು: ಹಸಿಮಾಂಸದಲ್ಲಿರುವ ಸಾಲ್ಮೊನೆಲ್ಲದಂಥ ರೋಗಾಣುಗಳು ರೆಫ್ರಿಜರೇಟರಿನ ಹಿಮದಲ್ಲಿ ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತವೆ, ಕರಗಿದೊಡನೆ ಏಳುತ್ತವೆ. ಇನೂಯಿಟರ ಮಾಂಸ ನಾಯಿಯ ಬಾಯಿಗೆ ಬೀಳುವವರೆಗೂ ಕರಗುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಬೇಸಗೆಯ ಮಧ್ಯಾಹ್ನ ವಿದ್ಯುತ್ತು ಹೋದರೆ ಬರುವುದು ಸಂಜೆಗೆ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಸ್ವಲ್ಪ ಈಲಿಯಿಂದ ನಾಯಿಗೆ ಕೆಡುಕಿಲ್ಲ, ಆದರೆ ಏಳು ಡಬ್ಬಿಯಲ್ಲಿಯೂ ಅದೇ ತುಂಬಿದ್ದರೆ ಯೋಚಿಸಬೇಕು ಎಂದೆ. ಅವನು ಮೆರ್ಟ್ಸ್‌ನ ಕಥೆಯನ್ನು ಎರಡು ಸಲ ಕೇಳಿದ. ಆಮೇಲೆ ಡಬ್ಬಿಗಳನ್ನು ಕೆಳಗಿಳಿಸಿ, ಮುಚ್ಚಳ ತೆಗೆದು, ಒಂದೊಂದರಲ್ಲಿಯೂ ಈಲಿಯೆಷ್ಟಿದೆಯೆಂದು ನೋಡತೊಡಗಿದ. ಅಜ್ಜಿ ಒಳಗಿನಿಂದ, ಡಬ್ಬಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯುವಂತೆ ಕೂಗಿ ಹೇಳಿದರು.